ಶಿರಿಯ ಹೊಳೆಯ ನೈಟ್ರೇಟ್: ಒಂದು ದಿನದ ಅಳತೆ ಸಾಲದು

ಸಾರಜನಕ ಚಕ್ರವನ್ನು ನಾವೆಲ್ಲ ಬೋರ್ಡಿನ ಮೇಲೆ ಬಾಣ ಹಾಕಿ ಕಲಿಸುತ್ತೇವೆ. ಆ ಬಾಣಗಳಲ್ಲಿ ಒಂದು ನಮ್ಮ ಶಿರಿಯ ಹೊಳೆಗೂ ಬರುತ್ತದೆ, ಅದನ್ನು ಅಳೆಯಲಿಕ್ಕೂ ಆಗುತ್ತದೆ.

ಶಿರಿಯ ಹೊಳೆಯ ಉದ್ದ ಸುಮಾರು 67 ಕಿ.ಮೀ. ಜಲಾನಯನ ಪ್ರದೇಶ 587 ಚದರ ಕಿ.ಮೀ., ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕರ್ನಾಟಕದಲ್ಲಿ, ಇನ್ನರ್ಧ ಕೇರಳದಲ್ಲಿ. ಅಲ್ಲಿನ ತೋಟಕ್ಕೆ ಹಾಕಿದ ಗೊಬ್ಬರಕ್ಕೆ ಗಡಿ ಗೊತ್ತಿಲ್ಲ ನೋಡಿ.

ಈಗ ಒಂದು ಲೆಕ್ಕ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಶಿಫಾರಸು. ಯೂರಿಯಾದಲ್ಲಿ ಶೇ. 46 ಸಾರಜನಕ, ಹಾಗಾಗಿ ಸುಮಾರು 217 ಗ್ರಾಂ ಯೂರಿಯಾ. ಹೆಕ್ಟೇರಿಗೆ 1,370 ಮರ ಅಂದರೆ 137 ಕಿಲೋ ಸಾರಜನಕ. ಮಣ್ಣಿನ ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಋಣ ಅಯಾನು. ಜೇಡಿಯ ಕಣಗಳ ಮೇಲೂ ಹೆಚ್ಚಾಗಿ ಋಣ ವಿದ್ಯುದಂಶವೇ ಇರುವುದರಿಂದ ಮಣ್ಣು ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಮಳೆ ಬಂದರೆ ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಬಾವಿಗೆ, ಸುರಂಗಕ್ಕೆ, ಹೊಳೆಗೆ ಸೇರುತ್ತದೆ.

ಹತ್ತನೇ ಒಂದು ಪಾಲು ಹೀಗೆ ಹೋಯಿತು ಅಂತಿಟ್ಟುಕೊಳ್ಳಿ. 13.7 ಕಿಲೋ ಸಾರಜನಕ ಅಂದರೆ ಸುಮಾರು 60 ಕಿಲೋ ನೈಟ್ರೇಟ್. ಕಾಸರಗೋಡಿನ ವಾರ್ಷಿಕ ಮಳೆ ಸುಮಾರು 3,500 ಮಿ.ಮೀ., ಒಂದು ಹೆಕ್ಟೇರಿಗೆ 3.5 ಕೋಟಿ ಲೀಟರ್. ಅಷ್ಟೂ ನೀರಿನಲ್ಲಿ ಬೆರೆತರೆ ಲೀಟರಿಗೆ ಎರಡು ಮಿಲಿಗ್ರಾಂ ಕೂಡ ಆಗುವುದಿಲ್ಲ! ಆದ್ದರಿಂದ ಜುಲೈ ತಿಂಗಳ ಅಳತೆ ಕಡಿಮೆ ಬಂತೆಂದು ಸಮಾಧಾನಪಡಬೇಡಿ. ಸಾಂದ್ರತೆ ಬೇರೆ, ಹರಿದು ಹೋದ ಒಟ್ಟು ಪ್ರಮಾಣ ಬೇರೆ.

ಇನ್ನು, ಗೊಬ್ಬರ ಹಾಕಿದ ವರ್ಷವೇ ಹೊಳೆ ಉತ್ತರ ಕೊಡುತ್ತದೆ ಅಂತಲೂ ಇಲ್ಲ. ಇಂಗ್ಲೆಂಡಿನ ಥೇಮ್ಸ್ ನದಿಯ ನೈಟ್ರೇಟ್ ದಾಖಲೆ 1868ರಿಂದ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹುಲ್ಲುಗಾವಲನ್ನು ಉತ್ತು ಗದ್ದೆ ಮಾಡಿದಾಗ ನೈಟ್ರೇಟ್ ಏರಿತು, 1970ರ ದಶಕದಲ್ಲಿ ಮತ್ತೊಮ್ಮೆ ಏರಿತು. ಆಮೇಲೆ ಗೊಬ್ಬರ ಕಡಿಮೆ ಮಾಡಿದರೂ ನದಿ ಅದೇ ವೇಗದಲ್ಲಿ ಇಳಿಯಲಿಲ್ಲ. ಸುಣ್ಣಕಲ್ಲಿನ ಅಂತರ್ಜಲದಲ್ಲಿ ನೀರು ಹತ್ತಾರು ವರ್ಷ ನಿಧಾನವಾಗಿ ಸಾಗುವುದೇ ಇದಕ್ಕೆ ಮುಖ್ಯ ಕಾರಣ. ಮುರಕಲ್ಲಿನ ಸ್ವಭಾವ ಬೇರೆ. ನಮ್ಮಲ್ಲಿ ಎಷ್ಟು ತಡವಾಗುತ್ತದೆ ಎಂಬುದನ್ನು ನಮ್ಮ ಹೊಳೆಯ ಅಳತೆಯೇ ಹೇಳಬೇಕು.

ಇದು ಬರೀ ಪ್ರಾಜೆಕ್ಟ್ ವಿಷಯವಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಬಾಟಲಿ ಹಾಲು ಕಲಸಿದರೆ ಆರು ತಿಂಗಳೊಳಗಿನ ಶಿಶುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಸರಿಯಾಗುತ್ತದೆ ಅಂತ ಮಕ್ಕಳ ಮನೆಯವರು ಹೇಳಬಹುದು. ನೈಟ್ರೇಟ್ ಆವಿಯಾಗುವುದಿಲ್ಲ, ನೀರು ಮಾತ್ರ ಆವಿಯಾಗುತ್ತದೆ. ಕುದಿಸಿದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಇದನ್ನು ಕ್ಲಾಸಿನಲ್ಲಿ ತಪ್ಪದೆ ಹೇಳಿ.

ಹೊಳೆ ಹತ್ತಿರದ ಶಾಲೆಗಳು ಏನು ಮಾಡಬಹುದು? ಉಬ್ಬರದ ಉಪ್ಪುನೀರು ತಲುಪದ ಒಂದು ಜಾಗ, ಪಕ್ಕದ ಒಂದು ಬಾವಿ ಆರಿಸಿ. ಮೊದಲ ಮಳೆಯ ನಂತರ, ಜುಲೈ, ನವೆಂಬರ್, ಫೆಬ್ರವರಿ, ಹೀಗೆ ವರ್ಷಕ್ಕೆ ನಾಲ್ಕು ಸಲ ಪಟ್ಟಿ ಅದ್ದಿ ಬಣ್ಣ ನೋಡಿ. ದಿನಾಂಕ, ಹಿಂದಿನ ಮೂರು ದಿನದ ಮಳೆ, ನೀರಿನ ಮಟ್ಟ ಬರೆದಿಡಿ. ಕಿಟ್ ತೋರಿಸುವುದು ನೈಟ್ರೇಟೋ, ನೈಟ್ರೇಟಿನಲ್ಲಿರುವ ಸಾರಜನಕವೋ ಎಂದು ಓದಿಕೊಳ್ಳಿ. ಎರಡನೆಯದಾದರೆ 4.43ರಿಂದ ಗುಣಿಸಬೇಕು. ಪಟ್ಟಿಯ ಬಣ್ಣ ಅಂದಾಜು ಮಾತ್ರ. 45ರ ಹತ್ತಿರ ಬಂದರೆ ಪ್ರಯೋಗಾಲಯದಲ್ಲಿ ಮಾಡಿಸಿ, ಆಮೇಲೆ ಆ ಮನೆಯವರಿಗೆ ತಿಳಿಸಿ.

ನಮಗೆ ವರ್ಗಾವಣೆ ಆಗುತ್ತಲೇ ಇರುತ್ತದೆ, ಮಕ್ಕಳೂ ಪಾಸಾಗಿ ಹೋಗುತ್ತಾರೆ. ಹಾಗಾಗಿ ಲೆಕ್ಕವನ್ನು ಒಬ್ಬರ ಫೋನಿನಲ್ಲಿ ಇಡಬೇಡಿ. ಲ್ಯಾಬಿನ ಸ್ಟಾಕ್ ರಿಜಿಸ್ಟರಿನ ಜೊತೆ ಒಂದು ದಪ್ಪ ಪುಸ್ತಕ ಇಡಿ, ಚಾರ್ಜ್ ಕೊಡುವಾಗ ಅದನ್ನೂ ಕೊಡಿ.