ಮೊಸಳೆಯಿಂದ ನೇತ್ರಾಣಿಗೆ

ನಮ್ಮೂರಿನ ಹೆಸರು ಮೊಸಳೆ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರ್. ಅಕ್ಕಪಕ್ಕ ನಿಂತಿರುವ ನಾಗೇಶ್ವರ, ಚೆನ್ನಕೇಶವ ಜೋಡಿ ದೇವಸ್ಥಾನ ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ, ‘ಇಲ್ಲಿ ಕೆರೆಯಲ್ಲಿ ಮೊಸಳೆ ಇದೆಯಾ?’ ಇಲ್ಲ. ಸಮುದ್ರವಂತೂ ಘಟ್ಟದ ಆಚೆ. ನಮ್ಮ ಹೇಮಾವತಿ ಕೂಡ ಪಶ್ಚಿಮದ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತಾಳೆ. ಇಂಥ ಊರಿನ ಹುಡುಗಿ, ನನ್ನ ಮೊಮ್ಮಗಳು, ‘ತಾತ, ನಾನು ಸಮುದ್ರದೊಳಗೆ ಧುಮುಕುವುದನ್ನು ಕಲಿಸೋ ಟೀಚರ್ ಆಗ್ತೀನಿ’ ಅಂದಳು.

ಇದಕ್ಕೆ ಮೂಲ ಒಂದು ಸಿನಿಮಾ. 2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ಸಮುದ್ರಕ್ಕೆ ಇಳಿಯುವುದನ್ನು ನೋಡಿದ ದಿನದಿಂದ ಅವಳಿಗೆ ಅದೇ ಧ್ಯಾನ. ಅವಳ ಅಜ್ಜಿಯದು ಮಾತ್ರ ಒಂದೇ ಮಾತು: ‘ಬೇಡ.’ ಅದಕ್ಕೂ ಕಾರಣವಿತ್ತು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿ ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ‘ರೀ, ಅವೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳೇ. ಅದೇ ಊರಿಗೆ ಇವಳನ್ನೂ ಕಳಿಸಬೇಕಾ?’ ಅಂದಳು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅರ್ಜಿ ಬಂದರೆ ಕಾಗದಪತ್ರ ನೋಡದೆ ಹೂಂ ಅನ್ನುವುದೂ ಇಲ್ಲ, ಉಹೂಂ ಅನ್ನುವುದೂ ಇಲ್ಲ. ಹಾಗಾಗಿ ಕೂತು ಓದಿದೆ, ತಿಳಿದವರನ್ನು ಕೇಳಿದೆ.

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬಿ ಸಮುದ್ರದ ನಡುವೆ ಇದೆ ನೇತ್ರಾಣಿ ದ್ವೀಪ. ಪಾರಿವಾಳ ದ್ವೀಪ ಅಂತಲೂ ಕರೆಯುತ್ತಾರೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಜನವಸತಿ ಇಲ್ಲ. ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರು ಹರಕೆ ಹೊತ್ತು ತಂದುಬಿಟ್ಟ ಆಡುಗಳು ಕಾಡಾಡಿಗಳಾಗಿ ಓಡಾಡುತ್ತವೆ. ಒಂದು ಕಾಲಕ್ಕೆ ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಪರಿಸರ ಪ್ರೇಮಿಗಳೂ ಮೀನುಗಾರರೂ ಬೇಡವೆಂದು ದನಿ ಎತ್ತಿದರು. ನೀರಿನ ಕೆಳಗಿರುವುದು ಹವಳದ ಲೋಕ: ಚಿಟ್ಟೆಮೀನು, ಗಿಳಿಮೀನು, ಸಿಂಹಮೀನು, ಆಮೆ. ಹವಳ ಕಲ್ಲಲ್ಲ ಮಕ್ಕಳೇ, ಪುಟ್ಟ ಪುಟ್ಟ ಪ್ರಾಣಿಗಳು ಕಟ್ಟಿದ ಊರು.

ಇನ್ನು ಸ್ಕೂಬಾ. ನೀರಿನೊಳಗೆ ಉಸಿರಾಡಲು ಬೇಕಾದ ಗಾಳಿಯನ್ನು ನಾವೇ ಬೆನ್ನ ಮೇಲೆ ಹೊತ್ತೊಯ್ಯುವ ವಿದ್ಯೆ. ಇದಕ್ಕೆ ಬೇಕಾದ ಉಪಕರಣವನ್ನು ಫ್ರಾನ್ಸಿನಲ್ಲಿ ಜಾಕ್ ಕುಸ್ಟೊ ಮತ್ತು ಎಮಿಲ್ ಗ್ಯಾನ್ಯಾ 1943ರಲ್ಲಿ ರೂಪಿಸಿದರು. ಪತ್ರಿಕೆಗಳಲ್ಲಿ ‘ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು’ ಎಂದು ಬರೆಯುತ್ತಾರೆ. ಆದರೆ ಕಲಿಯುವವರ ಸಿಲಿಂಡರಿನಲ್ಲಿ ಇರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು.

ಲೆಕ್ಕ ಬಂದಮೇಲೆ ನನಗೆ ಹುರುಪು ಬಂತು. 12 ಲೀಟರಿನ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ತುಂಬಿದರೆ 2,400 ಲೀಟರ್ ಗಾಳಿ. ಅದರಲ್ಲಿ ಕಾಲು ಭಾಗ, 600 ಲೀಟರ್, ಮುಟ್ಟಬಾರದ ಆಪತ್ಧನ. ಉಳಿದದ್ದು 1,800. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ದಡದಲ್ಲಿ ಇದು 90 ನಿಮಿಷಕ್ಕೆ ಸಾಕು. ಆದರೆ ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಗಾಳಿಯ ಖರ್ಚು ಎರಡು ಪಟ್ಟು, ಅಂದರೆ 45 ನಿಮಿಷ. 20 ಮೀಟರಿನಲ್ಲಿ ಮೂರು ಪಟ್ಟು, ಬರೀ 30 ನಿಮಿಷ. ಗಾಬರಿಯಾಗಿ ಜೋರಾಗಿ ಉಸಿರಾಡಿದರೆ ಅದೂ ಇಲ್ಲ.

ಇದೇ ಒತ್ತಡದಿಂದ ಬಂದದ್ದು ಮೊದಲ ಪಾಠ: ನೀರಿನೊಳಗೆ ಎಂದೂ ಉಸಿರು ಕಟ್ಟಬಾರದು. ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ. ಬಾಯಿ ಕಟ್ಟಿದ ಬಲೂನಿನಂತೆ ಶ್ವಾಸಕೋಶಕ್ಕೆ ಹಾನಿ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಸರಿಮಾಡಿಕೊಳ್ಳಬೇಕು. ಮೇಲೆ ಬರುವಾಗ ಅವಸರ ಕೂಡದು. ಗೋಲಿ ಸೋಡಾದ ಗೋಲಿ ಒತ್ತಿದಾಗ ಬುಸ್ಸೆಂದು ನೊರೆ ಉಕ್ಕುವುದಿಲ್ಲವೇ? ಒತ್ತಡದಲ್ಲಿ ನಮ್ಮ ರಕ್ತದಲ್ಲಿ ಕರಗಿದ ನೈಟ್ರೋಜನ್ ಕೂಡ, ಒತ್ತಡ ಥಟ್ಟನೆ ಇಳಿದರೆ, ಹಾಗೆಯೇ ಗುಳ್ಳೆ ಕಟ್ಟುತ್ತದೆ. ಅದಕ್ಕೇ 5 ಮೀಟರಿನಲ್ಲಿ 3 ನಿಮಿಷ ನಿಂತು ಬರುವ ಪದ್ಧತಿ. ನಮ್ಮ ಕಡೆಯವರು ಇನ್ನೊಂದು ಗಮನಿಸಬೇಕು. ಮುರುಡೇಶ್ವರದಿಂದ ಹಾಸನಕ್ಕೆ ಬರುವುದೆಂದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಕ್ಕೆ ಘಟ್ಟ ಹತ್ತುವುದು. ಧುಮುಕಿದವರು ಆವತ್ತೇ ವಿಮಾನ ಹತ್ತಬಾರದು. ಘಟ್ಟ ಹತ್ತುವ ಮುಂಚೆಯೂ ಎಷ್ಟು ಹೊತ್ತು ಬಿಡಬೇಕೆಂದು ಗುರುಗಳನ್ನು ಕೇಳಬೇಕು.

ನೀರಿನೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆಟ್ಟು ಎತ್ತಿದರೆ ‘ಭೇಷ್’ ಅಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ! ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಗುರುವಾಗುವ ದಾರಿ ಹೀಗಿದೆ. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಯಾಡಿ ಸಂಸ್ಥೆಯ ಕ್ರಮವನ್ನೇ ಹೇಳುತ್ತೇನೆ. 10 ವರ್ಷ ತುಂಬಿದ ಮಕ್ಕಳು ಮೊದಲ ಕೋರ್ಸಿಗೆ ಸೇರಬಹುದು. ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಪೂರ್ಣ ಪ್ರಮಾಣಪತ್ರ 15ಕ್ಕೆ; ಆಗ 18 ಮೀಟರ್‌ವರೆಗೆ ಇಳಿಯಬಹುದು. ಆಮೇಲೆ ಮುಂದುವರಿದ ಕೋರ್ಸು, ಇನ್ನೊಬ್ಬರನ್ನು ರಕ್ಷಿಸುವ ಕೋರ್ಸು, ಪ್ರಥಮ ಚಿಕಿತ್ಸೆ. ಡೈವ್ ಮಾಸ್ಟರ್ ಆಗಲು 18 ವರ್ಷ ತುಂಬಿರಬೇಕು, 60 ಸಲ ಧುಮುಕಿರಬೇಕು. ಬೋಧಕರ ಪರೀಕ್ಷೆಗೆ 100 ಸಲ. ಪ್ರತಿ ಸಲದ ತಾರೀಖು, ಆಳ, ನಿಮಿಷ, ಜತೆಗಿದ್ದವರ ಸಹಿ ಲಾಗ್ ಪುಸ್ತಕದಲ್ಲಿ ನಮೂದಾಗಬೇಕು. ಪಾಸ್‌ಬುಕ್ಕಿಗಿಂತ ಕಟ್ಟುನಿಟ್ಟು. ನನಗೆ ಈ ಕಸುಬಿನ ಮೇಲೆ ಗೌರವ ಹುಟ್ಟಿದ್ದೇ ಆ ಪುಸ್ತಕ ನೋಡಿ.

ಖರ್ಚಿನ ಬಾಬತ್ತೂ ಇದೆ. ಕೋರ್ಸುಗಳು ಅಗ್ಗವಲ್ಲ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ, ಆಗ ದುಡಿಮೆ ಎಲ್ಲಿಂದ? ಕೆಲವರು ಬೆಂಗಳೂರಿನ ಈಜುಕೊಳಗಳಲ್ಲಿ ಪಾಠ ಹೇಳುತ್ತಾರೆ, ಕೆಲವರು ಬೇರೆ ಸಮುದ್ರಕ್ಕೆ ಹೋಗುತ್ತಾರೆ. ಪಿಂಚಣಿಯ ನೌಕರಿಯಲ್ಲ ಇದು, ಅದನ್ನು ಮೊಮ್ಮಗಳಿಗೆ ನೇರವಾಗಿಯೇ ಹೇಳಿದೆ.

ಹೋದ ಫೆಬ್ರವರಿಯಲ್ಲಿ ನಾವು ಮೂವರೂ ಮುರುಡೇಶ್ವರಕ್ಕೆ ಹೋದೆವು. ಧುಮುಕುವ ಮೊದಲು ಆರೋಗ್ಯದ ನಮೂನೆ ತುಂಬಬೇಕು. ನಾನು ಬಿ.ಪಿ. ಮಾತ್ರೆ ನುಂಗುವವನು, ದೋಣಿಯಲ್ಲೇ ಕುಳಿತೆ. ಅಜ್ಜಿ ದಡದಲ್ಲಿ. ಬೋಧಕ ಮೀನುಗಾರರ ಮನೆಯ ಹುಡುಗ. ಇಳಿಯುವ ಮುನ್ನ ಎಲ್ಲರಿಗೂ ಹೇಳಿದ: ‘ಹವಳ ಮುಟ್ಟಬೇಡಿ, ಮೇಲೆ ನಿಲ್ಲಬೇಡಿ, ಮೀನಿಗೆ ತಿಂಡಿ ಹಾಕಬೇಡಿ, ಚಿಪ್ಪು ತರಬೇಡಿ.’ ಒಬ್ಬರು, ‘ಒಂದು ಚಿಪ್ಪಿಗೆ ಏನಾಗುತ್ತೆ?’ ಅಂದರು. ‘ಸನ್ಯಾಸಿ ಏಡಿಗೆ ಅದೇ ಮನೆ ಸರ್’ ಅಂದ. ಹವಳ ಕೀಳುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ದೋಣಿಯ ಲಂಗರನ್ನು ಹವಳದ ಮೇಲೆ ಎಸೆದರೆ ಎಷ್ಟೋ ವರ್ಷ ಬೆಳೆದದ್ದು ಕ್ಷಣದಲ್ಲಿ ಪುಡಿ. ಸಮುದ್ರದ ಬಿಸಿ ಏರಿದ್ದರಿಂದ 2024ರಲ್ಲಿ ಲಕ್ಷದ್ವೀಪದಲ್ಲಿ ಹವಳ ಬಿಳಿಚಿಕೊಂಡಿತ್ತು. ಅಂಥದ್ದರ ಮೇಲೆ ಪ್ರವಾಸಿಗರ ಕಾಲ್ತುಳಿತವೂ ಬಿದ್ದರೆ ಹೇಗೆ? ಬ್ಯಾಂಕಿನ ಭಾಷೆಯಲ್ಲಿ ಬಡ್ಡಿ ತಿನ್ನಬಹುದು, ಅಸಲಿಗೆ ಕೈಹಾಕಬಾರದು. ಮೀನು, ಹವಳ ಹೋದರೆ ಈ ಹುಡುಗನ ಕೆಲಸವೂ ಹೋಯಿತು. ನೋಡಲು ಏನಿದೆ ಅಂತ ಜನ ಬರಬೇಕು?

ಮೊಮ್ಮಗಳು ಮೇಲೆ ಬಂದಾಗ ಕಣ್ಣು ಕೆಂಪಗಾಗಿತ್ತು, ಮೂಗಿನ ಮೇಲೆ ಮುಖವಾಡದ ಗೆರೆ. ‘ತಾತ, ಅಲ್ಲಿ ನನ್ನ ಉಸಿರಿನ ಶಬ್ದ ಮಾತ್ರ ಕೇಳ್ತಿತ್ತು’ ಅಂದಳು. ಬೋಧಕ ಅವಳ ಅಜ್ಜಿಗೆ ಹೇಳಿದ ಮಾತೇ ಬೇರೆ: ‘ಅಮ್ಮಾ, ಮೊದಲು ಈಜು ಕಲಿಸಿ. ಡೈವಿಂಗ್ ಆಮೇಲೆ. ದಡದಲ್ಲಿ ಮುಳುಗೋರನ್ನ ಎತ್ತೋಕೂ ಜನ ಬೇಕು.’

ಅಜ್ಜಿ ಬಸ್ಸಿನಲ್ಲಿ ಅದರ ಬಗ್ಗೆ ಮಾತೇ ಆಡಲಿಲ್ಲ. ಮುಂದಿನ ವಾರ ತಾನೇ ಅವಳನ್ನು ಹಾಸನದ ಈಜುಕೊಳಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿದಳು. ಈಗ ಹುಡುಗಿ 200 ಮೀಟರ್ ಈಜುತ್ತಾಳೆ. ತೇಲುವುದು ಮಾತ್ರ ಏಳು ನಿಮಿಷಕ್ಕೇ ನಿಂತಿದೆ. ಧುಮುಕುವ ಕೆಲಸಕ್ಕೆ ಅಜ್ಜಿ ಇನ್ನೂ ಹೂಂ ಅಂದಿಲ್ಲ, ಆದರೆ ಕೊಳದ ಕಟ್ಟೆಯ ಮೇಲೆ ಗಡಿಯಾರ ಹಿಡಿದು ಕೂರುವವಳು ಅವಳೇ.