ಎರಡನೇ ಸಲ ಹಡಗು ಹತ್ತಿ ಬಂದ ಮೇಲೆ...

ನಮ್ಮ ಶಿವಮೊಗ್ಗದ ಕಡೆಯವರಿಗೆ ಹಡಗು ಅಂದ್ರೆ ಎಷ್ಟೋ ವರ್ಷ ಒಂದೇ ಅರ್ಥ ಇತ್ತು. ಅದೇ, ಸಿಗಂದೂರಿಗೆ ಹೋಗುವ ಲಾಂಚ್! ಬಸ್ಸು, ಕಾರು, ಜನ ಎಲ್ಲ ಒಟ್ಟಿಗೆ ಹತ್ತಿ ಶರಾವತಿ ಹಿನ್ನೀರು ದಾಟಿದರೆ ಮುಗಿಯಿತು, ಅದೇ ನಮ್ಮ ಸಮುದ್ರಯಾನ. 2025ರ ಜುಲೈ 14ರಂದು ಅಲ್ಲೂ ಸೇತುವೆ ಉದ್ಘಾಟನೆ ಆಯಿತು. ಲಾಂಚಿಗೆ ಕಾಯುವ ಕಾಲ ಹೋಯಿತು. ಆದರೆ ಈಗ ಮದುವೆಮನೆಯಲ್ಲಿ, ಅರಿಶಿನ ಕುಂಕುಮಕ್ಕೆ ಹೋದಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ. “ಕ್ರೂಸ್‌ಗೆ ಹೋಗೋಣ ಅಂತಿದೀವಿ ಮಾರಾಯ್ತಿ, ಹೇಗಿರುತ್ತೆ? ಅಷ್ಟು ದುಡ್ಡು ಕೊಡಬಹುದಾ?”

ಈ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಈಗ ನನಗಿದೆ. ಏಕೆಂದರೆ ನಾನು ಎರಡು ಸಲ ಹೋಗಿಬಂದೆ. 2019ರಲ್ಲಿ ಮೂರು ರಾತ್ರಿ, ನಾವು ನಾಲ್ವರೇ. ಕಳೆದ ವರ್ಷ ಏಳು ರಾತ್ರಿ, ಭದ್ರಾವತಿಯಿಂದ ಅಮ್ಮನನ್ನೂ ಕರೆದುಕೊಂಡು. ಎರಡೂ ಸಿಂಗಪುರದಿಂದಲೇ ಹೊರಟಿದ್ದು. ಮೊದಲ ಸಲ ಹೋದಾಗ ಕಣ್ಣು ದೀಪ, ಮೆಟ್ಟಿಲು, ಈಜುಕೊಳ ನೋಡುವುದರಲ್ಲೇ ಕಳೆದುಹೋಗುತ್ತೆ. ಎರಡನೇ ಸಲ ಹಾಗಲ್ಲ. ಯಾವುದು ನಿಜವಾಗಿ ಬೇಕು, ಯಾವುದು ಬರೀ ಥಳುಕು ಅನ್ನೋದು ಆಗ ಗೊತ್ತಾಗುತ್ತೆ. ಅದನ್ನೇ ನಿಮ್ಮ ಹತ್ತಿರ ಹಂಚಿಕೊಳ್ಳುತ್ತಿದ್ದೇನೆ.

ಯಾವ ಹಡಗು ನಮಗೆ?

ಕ್ರೂಸ್ ಅಂದರೆ ಎಲ್ಲವೂ ಒಂದೇ ಅಲ್ಲ. ಕೆಲವು ಹಡಗುಗಳಲ್ಲಿ ಕುಡಿತ, ಕ್ಯಾಸಿನೊ ಜಾಸ್ತಿ. ಇನ್ನು ಕೆಲವು ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಇರುವ ಸಂಸಾರಕ್ಕೆಂದೇ ಮಾಡಿದಂಥವು. ಈ ಎರಡನೇ ಬಗೆಗೆ ಹೆಸರಾದದ್ದು ಡಿಸ್ನಿ. ಮಿಕ್ಕಿ ಮೌಸ್‌ನ ಅದೇ ಕಂಪನಿ 1998ರಲ್ಲಿ ‘ಡಿಸ್ನಿ ಮ್ಯಾಜಿಕ್’ ಅನ್ನುವ ಹಡಗಿನಿಂದ ಶುರು ಮಾಡಿತು. ಅದರ ಹಡಗುಗಳಲ್ಲಿ ಕ್ಯಾಸಿನೊ ಇಲ್ಲ. ದಿನಕ್ಕೊಂದು ಊಟದ ಹಾಲ್‌ಗೆ ಹೋಗುತ್ತೀರಿ, ಬಡಿಸುವವರು ಮಾತ್ರ ನಿಮ್ಮ ಜೊತೆಗೇ ಬರುತ್ತಾರೆ. ಮೂರನೇ ದಿನಕ್ಕೆ ನಿಮ್ಮ ಮಗನಿಗೆ ಖಾರ ಆಗಲ್ಲ ಅಂತ ಅವರಿಗೇ ಗೊತ್ತಿರುತ್ತೆ! ಮತ್ತೆ ಮತ್ತೆ ಬರುವವರಿಗೆಂದೇ ಅಲ್ಲಿ ಒಂದು ಕ್ಲಬ್ಬೂ ಇದೆ. ಏಷ್ಯಾದವರಿಗಾಗಿ ಕಟ್ಟಿದ ‘ಡಿಸ್ನಿ ಅಡ್ವೆಂಚರ್’ ಹಡಗಿಗೆ ಸಿಂಗಪುರವನ್ನೇ ತವರು ಬಂದರು ಮಾಡಿ, ಮೊದಲ ಯಾನಕ್ಕೆ 2026ರ ಮಾರ್ಚ್ 10ರ ದಿನ ಗೊತ್ತು ಮಾಡಿದ್ದರು. ಅದರ ಮೂರು ನಾಲ್ಕು ರಾತ್ರಿಯ ಯಾನಗಳನ್ನು ಯೋಜಿಸಿದ್ದು ಊರು ತೋರಿಸಲಿಕ್ಕಲ್ಲ, ಹಡಗೇ ಊರು ಅನ್ನುವ ಲೆಕ್ಕದಲ್ಲಿ. ಊರು ನೋಡಬೇಕು ಅನ್ನುವವರು ಇದನ್ನು ಮೊದಲೇ ಗಮನಿಸಿ.

ಪಾಸ್‌ಪೋರ್ಟ್ ಇಲ್ಲದವರು ನಿರಾಶೆಪಡಬೇಕಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಕಾರ್ಡೆಲಿಯಾ ಹಡಗು ಶುರುವಾದಾಗ ನಮ್ಮ ರೈಲ್ವೆಯ ಐಆರ್‌ಸಿಟಿಸಿಯೇ ಅದರ ಬುಕಿಂಗ್ ಮಾಡಿತು. ಗೋವಾ, ಲಕ್ಷದ್ವೀಪ, ಕೊಚ್ಚಿಯಂಥ ದೇಶದೊಳಗಿನ ಯಾನಕ್ಕೆ ಗುರುತಿನ ಚೀಟಿ ಸಾಕು. ಮೊದಲು ಎರಡು ರಾತ್ರಿಯ ಯಾನ ಮಾಡಿ ನೋಡಿ. ಸಮುದ್ರ ನಿಮಗೆ ಒಗ್ಗುತ್ತೋ ಇಲ್ಲವೋ ಅನ್ನೋದು ಅಲ್ಲೇ ತಿಳಿಯುತ್ತೆ. ಆಮೇಲೆ ಏಳು ರಾತ್ರಿಯ ಯೋಚನೆ.

ಜಾಹೀರಾತಿನ ಬೆಲೆ, ಕೈಯಿಂದ ಹೋಗುವ ಬೆಲೆ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಒಬ್ಬರ ಟಿಕೆಟ್ಟು ಮಾತ್ರ. ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ! ಬಂದರಿನ ಶುಲ್ಕ, ತೆರಿಗೆ ಬೇರೆ. ಜೊತೆಗೆ ಸಿಬ್ಬಂದಿಯ ಟಿಪ್ಸ್. ಇದು ನಮ್ಮ ಹೋಟೆಲಿನಲ್ಲಿ ಇಷ್ಟ ಬಂದಷ್ಟು ಇಟ್ಟು ಬರುವ ಟಿಪ್ಸ್ ಅಲ್ಲ. ವಿದೇಶಿ ಹಡಗುಗಳಲ್ಲಿ ಒಬ್ಬರಿಗೆ ರಾತ್ರಿಯೊಂದಕ್ಕೆ 15 ಡಾಲರ್‌ನ ಆಸುಪಾಸು ಬಿಲ್ಲಿಗೇ ಸೇರಿಸುತ್ತಾರೆ. ನಾಲ್ಕು ಜನ, ಏಳು ರಾತ್ರಿ ಅಂದರೆ 420 ಡಾಲರ್. ಮೂವತ್ತೈದು ಸಾವಿರ ರೂಪಾಯಿ ಮೀರಿತು! ನಮ್ಮ ಟ್ರಾವೆಲ್ ಏಜೆಂಟ್ ಮೊದಲು ಕೊಟ್ಟ ಕೊಟೇಶನ್ನಿನಲ್ಲಿ ಈ ಸಾಲೇ ಇರಲಿಲ್ಲ. ಎರಡನೇ ಸಲ ಹೊರಟಿದ್ದರಿಂದ ನಾನೇ ಕೇಳಿ ಬರೆಸಿದೆ. ನೀವೂ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ವಿದೇಶಿ ಪ್ಯಾಕೇಜಾದರೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಆದ್ದರಿಂದ ರಸೀದಿ ಜೋಪಾನ.

ಹಡಗಿನೊಳಗೆ ನಗದು ನಡೆಯುವುದಿಲ್ಲ. ಕೋಣೆಯ ಬೀಗ ತೆಗೆಯುವ ಕಾರ್ಡೇ ನಿಮ್ಮ ಪರ್ಸು. ಸಾಮಾನ್ಯ ಊಟ, ತಿಂಡಿ ಟಿಕೆಟ್ಟಿನಲ್ಲೇ ಸೇರಿರುತ್ತೆ. ವಿಶೇಷ ರೆಸ್ಟೋರೆಂಟು, ಫೋಟೊ, ವೈಫೈ, ಬಟ್ಟೆ ಒಗೆಸುವುದು ಎಲ್ಲಕ್ಕೂ ಬೇರೆ ದುಡ್ಡು. ಮಕ್ಕಳ ಕೈಯಲ್ಲೂ ಅದೇ ಕಾರ್ಡು ಇರುತ್ತೆ ಅಲ್ವಾ? ಗೇಮಿಗೆ ಉಜ್ಜಿದರೆ ಬಿಲ್ಲು ನಿಮ್ಮ ಹೆಸರಿಗೆ. ಮೊದಲ ದಿನವೇ ರಿಸೆಪ್ಷನ್‌ಗೆ ಹೋಗಿ ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಿಸಿ. ಬಿಲ್ಲನ್ನು ದಿನಾ ರಾತ್ರಿ ನೋಡಿ, ಕೊನೆಯ ದಿನದವರೆಗೆ ಬಿಡಬೇಡಿ.

ಸಮುದ್ರದ ಮಧ್ಯೆ ಮೊಬೈಲು ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ತಾನಾಗಿಯೇ ಅಂಟಿಕೊಂಡರೆ ರೋಮಿಂಗ್ ಬಿಲ್ಲು ಎದೆ ನಡುಗಿಸುತ್ತೆ. ಹಡಗು ಹೊರಟ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ.

ರಜೆ ಯಾರಿಗೆ?

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಹಡಗಿನಲ್ಲಿ ಅಡುಗೆ ಇಲ್ಲ, ಪಾತ್ರೆ ಇಲ್ಲ, ಕಸ ಇಲ್ಲ. ಹಾಗಂತ ಹೆಂಗಸರಿಗೆ ತಾನಾಗಿಯೇ ರಜೆ ಸಿಗುತ್ತೆ ಅಂದುಕೊಂಡಿರಾ? ಇಲ್ಲ! ಮೊದಲ ಸಲ ಎಲ್ಲರ ಪಾಸ್‌ಪೋರ್ಟ್ ನನ್ನ ಬ್ಯಾಗಿನಲ್ಲಿ, ಒದ್ದೆ ಬಟ್ಟೆ ನನ್ನ ಕೈಯಲ್ಲಿ, “ಅಮ್ಮಾ ನನ್ನ ಚಪ್ಪಲಿ ಎಲ್ಲಿ?” ಅನ್ನುವ ಪ್ರಶ್ನೆ ನನ್ನ ಕಿವಿಯಲ್ಲಿ. ವಿನೋಬನಗರದ ಮನೆಯೇ ಹಡಗು ಹತ್ತಿ ಬಂದ ಹಾಗೆ.

ಎರಡನೇ ಸಲ ಹೊರಡುವ ಮುಂಚೆಯೇ ಊಟದ ಟೇಬಲ್ಲಿಗೆ ಎಲ್ಲರನ್ನೂ ಕೂರಿಸಿ ಕೆಲಸ ಹಂಚಿದೆ. ಕಾಗದ ಪತ್ರ, ದುಡ್ಡಿನ ಲೆಕ್ಕ ಯಜಮಾನರದು. ತಮ್ಮನ ಬಟ್ಟೆ, ಈಜುಕೊಳದ ಕಾವಲು ಮಗಳದು. ಅವರವರ ಮಾತ್ರೆ, ಕನ್ನಡಕ, ಚಾರ್ಜರ್ ಅವರವರದೇ. ಬೆಳಗ್ಗೆ ಆರರಿಂದ ಎಂಟು ಗಂಟೆ ನನ್ನದು, ಯಾರೂ ಕರೆಯುವ ಹಾಗಿಲ್ಲ. ಮೊದಲೆರಡು ದಿನ ಗೊಣಗಿದರು. ಆಮೇಲೆ ಅಭ್ಯಾಸವಾಯಿತು. ಊರಿಗೆ ಬಂದ ಮೇಲೂ ಆ ಚಾರ್ಜರ್ ಹುಡುಕುವ ಕೆಲಸ ನನಗೆ ವಾಪಸ್ ಬಂದಿಲ್ಲ! ಟಿಕೆಟ್ಟಿಗೆ ಕೊಟ್ಟ ದುಡ್ಡಿಗಿಂತ ಇದೇ ದೊಡ್ಡ ಲಾಭ ಅಂತ ನನಗನಿಸುತ್ತೆ.

ಅಮ್ಮನ ವಿಷಯವೂ ಹೇಳಬೇಕು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್ ಅಂತ ವಾರಕ್ಕೊಂದು ಗಡಿಯಾರ. ಅಮ್ಮನ ಒಲೆಯೂ ಅದೇ ಗಡಿಯಾರದಲ್ಲಿ ಉರಿಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ನಾಲ್ಕೂವರೆಗೆ ಏಳುವ ಅಭ್ಯಾಸ ಬಿಡಲಿಲ್ಲ. ತನ್ನದೇ ಒಂದು ಎಫ್‌ಡಿ ಮುರಿಸಿ ಬರ್ತೀನಿ ಅಂದಾಗ ಅಣ್ಣನಿಗೆ ಸರಿ ಬರಲಿಲ್ಲ. “ಈ ವಯಸ್ಸಲ್ಲಿ ಹಡಗು ಯಾಕಮ್ಮ, ಕಾಶಿಗೆ ಹೋಗಿ ಬಾ” ಅಂದ. ಅಮ್ಮ ಹೇಳಿದ್ದು ಒಂದೇ ಮಾತು: “ಕಾಶಿಗೆ ನಿಮ್ಮ ಜೊತೆ ಹೋದ್ರೆ ಅಲ್ಲೂ ನಾನೇ ಅನ್ನ ಮಾಡ್ಬೇಕು ಕಣೋ.”

ಹಡಗಿನಲ್ಲಿ ಮೊದಲ ಮೂರು ದಿನ ಕೋಣೆ ಗುಡಿಸುವ ಹುಡುಗ ಬರುವ ಮುಂಚೆಯೇ ಅಮ್ಮ ಹಾಸಿಗೆ ಮಡಚಿ, ಕಾಫಿ ಲೋಟ ತೊಳೆದಿಡುತ್ತಿದ್ದರು. ನಾಲ್ಕನೇ ದಿನ ಹೊತ್ತು ಮೂಡುವಾಗ ಮೇಲಿನ ಡೆಕ್ಕಿನಲ್ಲಿ ಕೂತರು. ತಿಂಡಿಗೆ ಕರೆದರೂ ಏಳಲಿಲ್ಲ. “ನಿಮ್ಮಪ್ಪ ಇದ್ದಿದ್ರೆ ಒಂದು ಶಿಫ್ಟು ಪೂರ್ತಿ ಇಲ್ಲೇ ಕೂತಿರ್ತಿದ್ರು” ಅಂದರು. ಮರುದಿನ ಬೆಳಗ್ಗೆ ನೋಡಿದೆ, ಹಾಸಿಗೆ ಹಾಗೇ ಇತ್ತು. ಮಡಚಿರಲಿಲ್ಲ. ವಿಶ್ರಾಂತಿ ಅನ್ನೋದನ್ನು ಕಲಿಯಲಿಕ್ಕೂ ನಮ್ಮ ಅಮ್ಮಂದಿರಿಗೆ ಮೂರು ದಿನ ಬೇಕು, ಗೆಳತಿಯರೇ! ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಎರಡು ರಾತ್ರಿಯ ಯಾನಕ್ಕಿಂತ ಐದಾರು ರಾತ್ರಿಯದೇ ಮೇಲು ಅನ್ನುವುದು ಅದಕ್ಕೇ.

ಆರೋಗ್ಯ ಮೊದಲು

ಹಡಗಿನ ಓಲಾಟಕ್ಕೆ ತಲೆಸುತ್ತು ಬರುವುದು ಏಕೆ ಗೊತ್ತಾ? ಒಳಕಿವಿ ‘ಅಲುಗಾಡ್ತಿದೀವಿ’ ಅನ್ನುತ್ತೆ, ಕಣ್ಣು ‘ಕೋಣೆ ಅಲ್ಲಾಡ್ತಿಲ್ಲ’ ಅನ್ನುತ್ತೆ. ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತೆ. ಹಡಗಿನ ಮಧ್ಯಭಾಗದ, ಕೆಳಗಿನ ಅಂತಸ್ತಿನ ಕೋಣೆ ಕಡಿಮೆ ಓಲಾಡುತ್ತೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆಯೇ. ಬಾಲ್ಕನಿ ಆಸೆಗೆ ತುದಿಯ ಕೋಣೆ ಹಿಡಿಯಬೇಡಿ. ತಲೆಸುತ್ತಿದರೆ ಹೊರಗೆ ಬಂದು ದೂರದ ದಿಗಂತ ನೋಡಿ. ಶುಂಠಿ ಕೆಲವರಿಗೆ ಹಿತ. ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ, ಓಲಾಟ ಶುರುವಾಗುವ ಮುಂಚೆಯೇ ತೆಗೆದುಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ನೀವಾಗಿಯೇ ಕೊಡಬೇಡಿ.

ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್ ಎಂಬುದೊಂದಿದೆ. ಇದಕ್ಕೆ ಕೈಗೆ ಸವರುವ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆಯುವ ನಮ್ಮ ಹಳೇ ಪದ್ಧತಿಯೇ ಸರಿ. ಬಫೆ ಚಮಚ ಮುಟ್ಟಿದ ಮೇಲೆ ಮಕ್ಕಳ ಕೈ ತೊಳೆಸಿ.

ಬಂದರಿನಲ್ಲಿ ದೊಡ್ಡ ಸೂಟ್‌ಕೇಸುಗಳನ್ನು ಅವರೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವಾಗ ಸಂಜೆಯೂ ಆಗಬಹುದು. ನಮ್ಮ ಪಕ್ಕದ ಕೋಣೆಯ ಗುಜರಾತಿ ಅಜ್ಜಿಯ ಇನ್ಸುಲಿನ್ ಸೂಟ್‌ಕೇಸಿನಲ್ಲಿ ಉಳಿದು, ಸಂಜೆಯವರೆಗೆ ಆ ಮನೆಯವರ ಪರದಾಟ ನೋಡಲಾಗಲಿಲ್ಲ. ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಫೀಸು ಜಾಸ್ತಿ. ಹಡಗಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಕೊಡುವಂಥ ಪ್ರಯಾಣ ವಿಮೆ ಮಾಡಿಸಿ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ವಿಮೆ ಹಣ ಬರುವುದಿಲ್ಲ. ಗರ್ಭಿಣಿಯರಿಗೆ 24 ವಾರದ ಮೇಲೆ, ಆರು ತಿಂಗಳೊಳಗಿನ ಕೂಸಿಗೆ ಬಹುತೇಕ ಹಡಗುಗಳಲ್ಲಿ ಪ್ರವೇಶವಿಲ್ಲ.

ಸೈರನ್ ಕೂಗಿದಾಗ ನಗಬೇಡಿ

ಹಡಗು ಹೊರಡುವ ಮುಂಚೆ ಲೈಫ್ ಜಾಕೆಟ್ ತೋರಿಸಿ, ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಕವಾಯತು ಮಾಡಿಸುತ್ತಾರೆ. ಎಷ್ಟೋ ಜನ ಅದನ್ನು ತಪ್ಪಿಸಿ ಸೆಲ್ಫಿ ತೆಗೆಯುತ್ತಾರೆ. 2012ರ ಜನವರಿ 13ರಂದು ಇಟಲಿಯ ಹತ್ತಿರ ‘ಕೋಸ್ಟಾ ಕಾಂಕೋರ್ಡಿಯಾ’ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತಷ್ಟೇ ಹತ್ತಿದ ನೂರಾರು ಪ್ರಯಾಣಿಕರಿಗೆ ಕವಾಯತೇ ಆಗಿರಲಿಲ್ಲ. ಅದಾದ ಮೇಲೆ ನಿಯಮ ಬಿಗಿಯಾಯಿತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಇದು ಕಡ್ಡಾಯ. ಮಕ್ಕಳ ಅಳತೆಯ ಜಾಕೆಟ್ ಕೋಣೆಯಲ್ಲಿಲ್ಲದಿದ್ದರೆ ಕೇಳಿ ಪಡೆಯಿರಿ.

ಊಟದ ಚಿಂತೆ

“ಸಸ್ಯಾಹಾರಿಗಳು ಏನು ತಿನ್ನೋದು?” ಎಲ್ಲರದೂ ಇದೇ ಪ್ರಶ್ನೆ. ಬುಕಿಂಗ್ ಮಾಡುವಾಗಲೇ ಸಸ್ಯಾಹಾರ ಅಥವಾ ಜೈನ ಊಟ ಅಂತ ಬರೆಸಿ. ಮೊದಲ ರಾತ್ರಿ ಊಟದ ಹಾಲಿನ ಮುಖ್ಯಸ್ಥರ ಹತ್ತಿರ ಇನ್ನೊಮ್ಮೆ ಹೇಳಿ. ‘ವೆಜ್’ ಅಂದರೆ ಸಾಲದು. ಮೊಟ್ಟೆ, ಮೀನು, ಕೋಳಿ ಸಾರು ಯಾವುದೂ ಬೇಡ ಅಂತ ಬಿಡಿಸಿ ಹೇಳಿ. ನಮಗಂತೂ ಅನ್ನ, ದಾಲ್, ಮೊಸರು ದಿನಾ ಸಿಕ್ಕಿತು. ಮನೆಯ ಅಡುಗೆ ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಆದ ಚಟ್ನಿಪುಡಿ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ತಕರಾರಿಲ್ಲ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ತಂದರೆ ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ.

ಹಡಗು ಕಾಯುವುದಿಲ್ಲ

ಶಿವಮೊಗ್ಗದಿಂದ ರಾತ್ರಿ ಹೊರಟು, ಬೆಳಗ್ಗೆ ಬೆಂಗಳೂರಿನಲ್ಲಿ ವಿಮಾನ ಹತ್ತಿ, ಅದೇ ದಿನ ಹಡಗು ಹಿಡಿಯುವ ಸಾಹಸ ಬೇಡ. ಮುಂಬೈಗೆ ಭದ್ರಾವತಿ ಮೇಲೆ ಬೀರೂರಿಗೆ ಹೋಗಿ ರೈಲು ಹಿಡಿಯುವವರಿಗೂ ಇದೇ ಮಾತು. ಒಂದು ದಿನ ಮುಂಚೆಯೇ ಬಂದರಿನ ಊರು ಸೇರಿಕೊಳ್ಳಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ಬಂದರೂ ಅದು ಎರಡನೇ ಪ್ರವೇಶ, ವೀಸಾದಲ್ಲಿ ಅದಕ್ಕೆ ಅವಕಾಶ ಇದೆಯಾ ನೋಡಿಕೊಳ್ಳಿ. ಹವಾಮಾನ ಕೆಟ್ಟರೆ ಕ್ಯಾಪ್ಟನ್ ಬಂದರನ್ನೇ ಬಿಡಬಹುದು. ನಮಗೂ ಒಂದು ಊರು ತಪ್ಪಿತು. ಅದು ನಿಯಮದಲ್ಲೇ ಇರುತ್ತೆ, ಜಗಳ ಆಡಿ ಪ್ರಯೋಜನವಿಲ್ಲ. ಆ ಒಂದು ಊರಿಗಾಗಿಯೇ ಹೋಗುವುದಾದರೆ ಹಡಗು ಬೇಡ, ವಿಮಾನವೇ ಸರಿ.

ಹೋಗಬಹುದಾ?

ಸಾಲ ಮಾಡಿ, ಒಡವೆ ಇಟ್ಟು ಖಂಡಿತ ಬೇಡ. ಪಕ್ಕದ ಮನೆಯವರು ಹೋದರು ಅಂತಲೂ ಬೇಡ. ಚೀಟಿ ಹಣವೋ, ಕೂಡಿಟ್ಟ ಹಣವೋ ಇದ್ದು, ಮನೆಯ ಎಲ್ಲ ಖರ್ಚು ಕಳೆದು ಮಿಕ್ಕುವುದಾದರೆ ಹೋಗಿ. ಆದರೆ ಟಿಕೆಟ್ಟು ತೆಗೆಯುವ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಒಂದು ಪ್ರಶ್ನೆ ಕೇಳಿ: “ಅಲ್ಲಿ ಯಾರ ಕೆಲಸ ಯಾರು ಮಾಡ್ತೀರಿ?” ಇದಕ್ಕೆ ಸರಿಯಾದ ಉತ್ತರ ಬಂದರೆ ನಿಮ್ಮ ರಜೆ ಅರ್ಧ ಗೆದ್ದ ಹಾಗೆ. ಬರದಿದ್ದರೆ ಹಡಗು ಎಷ್ಟೇ ದೊಡ್ಡದಿರಲಿ, ಅದರೊಳಗೂ ನಿಮಗೆ ಸಿಗುವುದು ಅದೇ ಅಡುಗೆಮನೆ. ಒಲೆ ಮಾತ್ರ ಇರುವುದಿಲ್ಲ, ಅಷ್ಟೇ!