ಸಂಯೋಜಿತ ಔಷಧ ಚಿಕಿತ್ಸೆ (ಮರೆಗುಳಿತನ)

ಸಂಯೋಜಿತ ಔಷಧ ಚಿಕಿತ್ಸೆ ಎಂದರೆ ಈಗಾಗಲೇ ಬಳಕೆಯಲ್ಲಿರುವ ಎರಡು ಅಥವಾ ಹೆಚ್ಚು ಔಷಧಗಳನ್ನು ಒಂದೇ ಕಾಯಿಲೆಗೆ ಒಟ್ಟಾಗಿ ನೀಡುವ ಕ್ರಮ. ಆಲ್ಝೈಮರ್ ಕಾಯಿಲೆಯಲ್ಲಿ ಬಳಸುವ ಡೊನೆಪೆಝಿಲ್ ಮತ್ತು ಮೆಮಾಂಟಿನ್ ಜೋಡಿ ಇದಕ್ಕೆ ಪರಿಚಿತ ಉದಾಹರಣೆ.

ನೆನಪಿನ ಶಕ್ತಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಬೇಗನೆ ವಿಭಜನೆಯಾಗದಂತೆ ಡೊನೆಪೆಝಿಲ್ ತಡೆಯುತ್ತದೆ. ಗ್ಲುಟಮೇಟ್‌ನಿಂದ ನರಕೋಶಗಳಿಗಾಗುವ ಅತಿಪ್ರಚೋದನೆಯನ್ನು ಮೆಮಾಂಟಿನ್ ತಗ್ಗಿಸುತ್ತದೆ. ಇವುಗಳ ಕಾರ್ಯವಿಧಾನ ಬೇರೆ ಬೇರೆಯಾದ್ದರಿಂದಲೇ ಜೋಡಣೆ ಸಾಧ್ಯವಾಗಿದೆ. ಮೆಮಾಂಟಿನ್ 1960ರ ದಶಕದಲ್ಲಿ ಮೊದಲು ತಯಾರಾದದ್ದು ಮಧುಮೇಹಕ್ಕೆಂದು. ಅಲ್ಲಿ ಅದು ಫಲ ನೀಡಲಿಲ್ಲ. ಎರಡನ್ನೂ ಒಳಗೊಂಡ ಒಂದೇ ಕ್ಯಾಪ್ಸೂಲಿಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಇವು ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡಬಹುದೇ ಹೊರತು ನರಕೋಶಗಳ ನಾಶವನ್ನು ನಿಲ್ಲಿಸಲಾರವು. ಡೊನೆಪೆಝಿಲ್ ಹೃದಯಬಡಿತವನ್ನು ನಿಧಾನಗೊಳಿಸುವುದುಂಟು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಸೇವಿಸುವ ವೃದ್ಧರಲ್ಲಿ ಈ ಅಪಾಯ ಹೆಚ್ಚು.

ಒತ್ತಡಜನ್ಯ ಕಾಯಿಲೆಗಳಲ್ಲೂ ಹಳೆಯ ಔಷಧಗಳ ಮರುಬಳಕೆ ನಡೆದಿದೆ. ರಕ್ತದೊತ್ತಡದ ಔಷಧವಾದ ಪ್ರಜೋಸಿನ್ ಅನ್ನು ಆಘಾತೋತ್ತರ ಒತ್ತಡದ ದುಃಸ್ವಪ್ನಗಳಿಗೆ ನೀಡಲಾಗುತ್ತಿತ್ತು. ಆರಂಭದಲ್ಲಿ ಭರವಸೆ ಮೂಡಿಸಿದರೂ, 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ.

ಔಷಧಗಳ ಈ ಮಿತಿಯಿಂದಾಗಿ ಅರಿವಿನ ಕುಸಿತವನ್ನು ಮೊದಲೇ ಗುರುತಿಸುವುದು ಮುಖ್ಯವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮತ್ತು ಮೇಲ್ಪಟ್ಟ 10,000 ಮಂದಿಯನ್ನು ದೀರ್ಘಕಾಲ ಗಮನಿಸುವ ಗುರಿಯ ಅಧ್ಯಯನವನ್ನು ಕೈಗೊಂಡಿದೆ. ಇದರಲ್ಲಿ ಔಷಧ ಪ್ರಯೋಗವಿಲ್ಲ. ಸ್ಮರಣೆ, ರಕ್ತ, ಮಿದುಳಿನ ಚಿತ್ರಣ ಮುಂತಾದ ಪರೀಕ್ಷೆಗಳು ಮಾತ್ರ ಇವೆ.